ಸೋಮವಾರ ರಜೆ ಇರುವ ಮನೆ

ಡಾಕ್ಟರ್ ಹಯಗ್ರೀವ ಹ್ಯೂಸ್ಟನ್ನಿನಲ್ಲಿ ಮೂವತ್ತು ವರ್ಷ ಜನರಿಗೆ ಅರಿವಳಿಕೆ ಕೊಟ್ಟವರು. ಎದುರಿಗಿದ್ದವನು ಪ್ರಜ್ಞೆ ತಪ್ಪಿ ಮಲಗಿರುವಾಗ ತಾವು ಕಣ್ಣು ಬಿಟ್ಟುಕೊಂಡು ಕೂರುವುದು ಅವರ ಉದ್ಯೋಗವಾಗಿತ್ತು. ನಿವೃತ್ತಿಯಲ್ಲಿ ಉದ್ಯೋಗ ಹೋಯಿತು, ಬಿಟ್ಟ ಕಣ್ಣು ಹಾಗೇ ಉಳಿಯಿತು. ತಾವಿರುವ ಪೇರ್ಲ್ಯಾಂಡಿನ ಮೀನಾಕ್ಷಿ ದೇವಸ್ಥಾನಕ್ಕೆ ಹೋದರೆ ಒಂದು ಚಪ್ಪಲಿಯನ್ನು ಈ ಗೂಡಿನಲ್ಲೂ ಇನ್ನೊಂದನ್ನು ಆ ಗೂಡಿನಲ್ಲೂ ಇಟ್ಟು ಒಳಗೆ ಹೋಗುವ ಮನುಷ್ಯ. ಇಲ್ಲಿಯವರೆಗೆ ಅಲ್ಲಿ ಯಾರ ಚಪ್ಪಲಿಯೂ ಕಳುವಾಗಿಲ್ಲ ಎಂದು ಯಾರಾದರೂ ಹೇಳಿದರೆ, ಕಳ್ಳ ಇನ್ನೂ ಸಮಯ ಕಾಯುತ್ತಿದ್ದಾನೆ ಎಂದು ಅರ್ಥ ಮಾಡಿಕೊಳ್ಳುತ್ತಿದ್ದರು. ಅವರ ಹೆಂಡತಿ ವಿಜಯಾ ಮಕ್ಕಳ ಡಾಕ್ಟರು. ಹಾಗಾಗಿ ಗಂಡನನ್ನು ಸಂಭಾಳಿಸಲು ಬೇರೆ ತರಬೇತಿ ಬೇಕಾಗಿರಲಿಲ್ಲ.

ಇವರ ಒಬ್ಬಳೇ ಮಗಳು ಸುಪ್ರಜಾ ಒಂದು ಭಾನುವಾರ ಆಸ್ಟಿನ್ನಿನಿಂದ ಡ್ರೈವ್ ಮಾಡಿಕೊಂಡು ಬಂದಳು. ಊಟದಲ್ಲಿ, ಸಾರು ಮುಗಿದು ಮಜ್ಜಿಗೆ ಬರುವ ಸಂದಿಯಲ್ಲಿ, ತಾನು ಮದುವೆಯಾಗಬೇಕೆಂದಿರುವ ಹುಡುಗನ ಹೆಸರು ಹೇಳಿದಳು. ಝೊಂಬೊರ್. ಹಂಗೇರಿ ದೇಶದವನು, ಅವಳ ಆಫೀಸಿನಲ್ಲೇ ಚಿಪ್ ಡಿಸೈನ್ ಮಾಡುವವನು.

ಹಯಗ್ರೀವರು ಹೆಸರನ್ನು ಬಾಯಲ್ಲಿ ಒಮ್ಮೆ ಹೊರಳಿಸಿ ನೋಡಿದರು. "ಮೂವತ್ತು ವರ್ಷ ಊರಿಗೆಲ್ಲ ಜೊಂಪು ಹತ್ತಿಸಿದೀನಿ ಕಣಮ್ಮ. ಯಾವನಾದ್ರೂ ನಂಗೇ ಹತ್ತಿಸೋಕೆ ಬಂದ್ರೆ ಗೊತ್ತಾಗುತ್ತೆ."

ಅಪ್ಪನನ್ನು ಒಲಿಸಲೆಂದು ಸುಪ್ರಜಾ ಫೋನಿನಲ್ಲಿ ಒಂದು ಫೋಟೊ ತೋರಿಸಿದಳು. ಅಲ್ಲೇ ಕೆಟ್ಟಿತು. ಹಳದಿ ಗೋಡೆ, ಹಸಿರು ಕಿಟಕಿ, ಮುಂದೆ ಬಿಳಿ ಕಂಬಗಳ ಸಾಲು, ಎರಡು ಕಡೆಗೂ ಮುಗಿಯದಂತೆ ಚಾಚಿಕೊಂಡ ಒಂದು ಬಂಗಲೆ. ಹುಡುಗನ ಅಜ್ಜಿ ಇರುವ ಮನೆ, ಅಪ್ಪ ಅಮ್ಮ ಇಲ್ಲದ ಅವನನ್ನು ಆಕೆ ಸಾಕಿ ಬೆಳೆಸಿದ ಮನೆ ಎಂದಳು. ಗುಡಿಸಲು ಎಂದಿದ್ದರೆ ಹಯಗ್ರೀವರು ತಕ್ಷಣ ನಂಬುತ್ತಿದ್ದರು. ಅರಮನೆ ಎಂದರೆ ಮಾತ್ರ ಅವರದು ಅರೆಮನಸ್ಸು. ಮಗಳ ಕಾರು ಆಸ್ಟಿನ್ ಮುಟ್ಟುವಷ್ಟರಲ್ಲಿ ಅವರು ಆ ಫೋಟೊವನ್ನು ಇಂಟರ್ನೆಟ್ಟಿನಲ್ಲಿ ಜಾಲಾಡಿ ಹಿಡಿದಿದ್ದರು. ಅದು ಪ್ರವಾಸಿಗರ ಪುಟವೊಂದರಲ್ಲಿತ್ತು. ಯಾವನೋ ಜಹಗೀರುದಾರ ಇನ್ನೂರು ವರ್ಷದ ಹಿಂದೆ ಕಟ್ಟಿಸಿದ ಐತಿಹಾಸಿಕ ಬಂಗಲೆ. ಕೆಳಗೆ ಟಿಕೆಟ್ ದರ, ತೆರೆದಿರುವ ವೇಳೆ, ಮತ್ತು ಒಂದು ಸೂಚನೆ: ಸೋಮವಾರ ರಜೆ.

"ವಿಜಯಾ, ಸೋಮವಾರ ರಜೆ ಇರೋ ಮನೇನ ಎಲ್ಲಾದ್ರೂ ನೋಡಿದೀಯಾ?"

"ನನ್ನ ಅಡಿಗೆಮನೆಗೆ ಒಂದು ದಿನ ರಜೆ ಸಿಕ್ಕಿದ್ರೆ ನೋಡ್ತಿದ್ದೆ," ಎಂದರು ವಿಜಯಾ.

ಮಗಳನ್ನು ಫೋನಿನಲ್ಲಿ ಕೇಳಿದರೆ "ಅಪ್ಪ, ಇಟ್ಸ್ ಕಾಂಪ್ಲಿಕೇಟೆಡ್" ಎಂದಳು. ಪಕ್ಕದಲ್ಲೇ ಇದ್ದ ಝೊಂಬೊರ್ ಫೋನ್ ಇಸಿದುಕೊಂಡು, ಅಂಕಲ್, ನೀವೇ ಒಮ್ಮೆ ಬಂದು ನೋಡಿಬಿಡಿ ಎಂದ. ಬಂದು ನೋಡಿ ಎನ್ನುವವರಲ್ಲಿ ಎರಡು ಜಾತಿ. ಮುಚ್ಚಿಡಲು ಏನೂ ಇಲ್ಲದವರು ಒಂದು, ಇವರು ಬರುವುದಿಲ್ಲ ಎಂಬ ಧೈರ್ಯವಿರುವವರು ಇನ್ನೊಂದು. ಇವನು ಎರಡನೆಯ ಜಾತಿ ಎಂದು ಹಯಗ್ರೀವರು ತೀರ್ಮಾನಿಸಿದರು. ಅಲ್ಲದೆ ಅವನಿಗೆ ಅಂಕಲ್ ಎನ್ನಲು ಕಲಿಸಿದ್ದು ಯಾರು? ಅಂಕಲ್ ಎಂದು ಕರೆದವನು ಇಲ್ಲಿಯವರೆಗೆ ಏನನ್ನಾದರೂ ಕೇಳದೆ ಬಿಟ್ಟದ್ದುಂಟೇ?

ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಿ ಬರುವುದು ತಮ್ಮ ವಂಶದ ಪದ್ಧತಿ, ಗಂಡು ಹಂಗೇರಿಯವನಾದರೆ ಹಂಗೇರಿಗೇ ಹೋಗುವುದು ಎಂದು ಅವರು ಸಾರಿದರು. ಮನೆ ಸುಳ್ಳಾದರೆ ಹುಡುಗನೂ ಸುಳ್ಳು, ಮದುವೆಯೂ ಇಲ್ಲ. ಸುಪ್ರಜಾ ವಾದ ಮಾಡಲಿಲ್ಲ. ಅಪ್ಪ ಹೂಂ ಅನ್ನದೆ ತಾನು ಈ ಮದುವೆ ಮಾಡಿಕೊಳ್ಳುವುದಿಲ್ಲ, ಅಪ್ಪ ಉಹೂಂ ಅಂದರೆ ಬೇರೆ ಯಾರನ್ನೂ ಮಾಡಿಕೊಳ್ಳುವುದಿಲ್ಲ ಎಂದಷ್ಟೇ ಹೇಳಿ ಫೋನಿಟ್ಟಳು. ಆ ರಾತ್ರಿ ವಿಜಯಾ ಮಾತ್ರ ನಿದ್ದೆ ಮಾಡಿದರು.

ಮನೆ ನೋಡಲು ಒಬ್ಬ ಪರಿಣತರು ಬೇಕಿತ್ತು. ಡಾಲಸ್ ಪಕ್ಕದ ಮರ್ಫಿಯಲ್ಲಿ ಮಗನ ಜೊತೆಗಿದ್ದ ಧಾರವಾಡದ ಶಿವಬಸವ್ವ ಈ ವಿದ್ಯೆಯಲ್ಲಿ ಟೆಕ್ಸಸ್ಸಿಗೇ ಹೆಸರಾದವರು. ಎಲ್ಲಿ ಸಂಬಂಧ ಕುದುರುವ ಸೂಚನೆ ಕಂಡರೂ ಹೆಣ್ಣಿನ ಕಡೆಯವರು ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಕಾಪೆಲ್ಲಿನ ಒಂದು ಮನೆಯಲ್ಲಿ ಫ್ರಿಜ್ ತೆಗೆದು, ದೋಸೆ ಹಿಟ್ಟು ಅಂಗಡಿಯದು ಎಂದು ಪತ್ತೆ ಹಚ್ಚಿ, ಹುಡುಗನ ತಾಯಿ ಮಾತಿಗೆ ತಪ್ಪುವವಳು ಎಂದು ಅಲ್ಲೇ ಷರಾ ಬರೆದಿದ್ದರಂತೆ. ಆಕೆ ಹಿಟ್ಟು ಮನೆಯಲ್ಲೇ ರುಬ್ಬಿದ್ದು ಎಂದಿದ್ದಳು.

"ಯಾವ ದೇಶ ಅಂದ್ರಿ, ಹಂಗೇರಿ?" ಶಿವಬಸವ್ವ ಕನ್ನಡಕ ಸರಿಮಾಡಿಕೊಂಡರು. "ಹೆಸರಾಗನ ಹಂಗ ರೀ, ಹಂಗ ರೀ ಅಂತ ಗೋಣ ಹಾಕತಾರ. ಎಲ್ಲಾದಕ್ಕೂ ಹೂಂ ಅನ್ನೋರನ್ನ ಲಗೂ ನಂಬಬಾರದ್ರಿ ಡಾಕ್ಟರ್ರ."

ಹೊರಡುವ ಮೊದಲು ಅವರು ಎರಡು ಕಟ್ಟಳೆ ಹಾಕಿದರು. ಮೊದಲನೆಯದು ಬಾಯಿಯದು. "ಪಸಂದ ಆಗೋತನಕ ಆ ಮನ್ಯಾಗ ಹನಿ ನೀರೂ ಮುಟ್ಟಬಾರದು. ನೀರು ಕುಡದ್ರ ಅರ್ಧ ಒಪ್ಪಿಗಿ. ಬಾಯಿ ಸಿಹಿ ಆದ್ರ ಪೂರ್ತಿ ಒಪ್ಪಿಗಿ. ಆಮ್ಯಾಲ ಹಿಂದ ಸರಿಯೂ ಹಂಗಿಲ್ಲ." ಎರಡನೆಯದು ಕಣ್ಣಿನದು. "ಪಡಸಾಲಿ ಇರೋದು ಮಂದಿಗೆ ತೋರಸಾಕ. ಅಡಗಿಮನಿ ನೋಡಲಾರದ ಬಂದ್ರ ಮನಿ ನೋಡಿದಂಗಲ್ಲ."

ಗಂಡ ಹೆಂಡತಿ ಪೇರ್ಲ್ಯಾಂಡಿನಿಂದ ಡ್ರೈವ್ ಮಾಡಿ, ಮರ್ಫಿಯಲ್ಲಿ ಶಿವಬಸವ್ವನನ್ನು ಹತ್ತಿಸಿಕೊಂಡು, ಡಾಲಸ್ಸಿನಿಂದ ವಿಮಾನ ಹಿಡಿದರು. ಯೂರೋಪಿನ ಜೇಬುಗಳ್ಳರ ಬಗ್ಗೆ ಹಯಗ್ರೀವರು ವಾರವಿಡೀ ಓದಿದ್ದರು. ಆದ್ದರಿಂದ ಪಾಸ್‌ಪೋರ್ಟು, ಫೋನು, ಸಕ್ಕರೆ ಕಾಯಿಲೆಯ ತಮಗೆ ಸಕ್ಕರೆ ತೀರಾ ಇಳಿದರೆ ಬೇಕೆಂದು ಇಟ್ಟುಕೊಳ್ಳುವ ಗ್ಲೂಕೋಸ್ ಗುಳಿಗೆ, ಎಲ್ಲವನ್ನೂ ಶಿವಬಸವ್ವನ ಕೈಚೀಲದಲ್ಲಿ, ಚಪಾತಿ ಡಬ್ಬಿಯ ಕೆಳಗೆ ತುರುಕಿದರು. ಆ ಚೀಲಕ್ಕೆ ಕೈ ಹಾಕುವ ಕಳ್ಳ ಇನ್ನೂ ಹುಟ್ಟಿಲ್ಲ ಎಂಬುದೊಂದು ವಿಷಯದಲ್ಲಿ ಅವರಿಗೆ ಅನುಮಾನವಿರಲಿಲ್ಲ.

ಸುಪ್ರಜಾ ಮತ್ತು ಝೊಂಬೊರ್ ಮೊದಲೇ ಬುಡಾಪೆಸ್ಟ್ ತಲುಪಿ ಬಾಡಿಗೆ ಕಾರಿನೊಂದಿಗೆ ಕಾದಿದ್ದರು. ಒಂದು ರಾತ್ರಿ ಹೋಟೆಲಿನಲ್ಲಿ ಕಳೆದು ಬೆಳಿಗ್ಗೆ ಹೊರಟರು. ಹೋಟೆಲಿನ ತಿಂಡಿಯಲ್ಲಿ ಯಾವುದರೊಳಗೆ ಏನು ಅಡಗಿದೆಯೋ ಎಂದು ಹಯಗ್ರೀವರು ಒಂದು ಬಾಳೆಹಣ್ಣು ತಿಂದು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಕಾರು ಹತ್ತಿದ್ದರು. ಎರಡು ಕಡೆಗೂ ಸೂರ್ಯಕಾಂತಿ ಹೊಲ, ಕರೆಂಟು ಕಂಬದ ಮೇಲೆ ಕೊಕ್ಕರೆಯ ಗೂಡು. ಅವತ್ತು ಸೋಮವಾರ. ಪ್ರವಾಸಿಗರ ಗಲಾಟೆ ಇರುವುದಿಲ್ಲ, ಆರಾಮಾಗಿ ನೋಡಬಹುದು ಎಂದ ಝೊಂಬೊರ್. ಸಾಕ್ಷಿಗಳೂ ಇರುವುದಿಲ್ಲ ಎಂದುಕೊಂಡರು ಹಯಗ್ರೀವರು.

ಹೆಸರು ಹೇಳಹೋದರೆ ನಾಲಿಗೆ ಗಂಟು ಬೀಳುವಂಥ ಹಳ್ಳಿ. ಬಂಗಲೆ ಮಾತ್ರ ಫೋಟೊದಲ್ಲಿದ್ದಂತೆಯೇ ಇತ್ತು. ಹಾಗಿದ್ದದ್ದೇ ಹಯಗ್ರೀವರಿಗೆ ಸರಿಬರಲಿಲ್ಲ. ಮುಂಬಾಗಿಲ ಬಳಿ ಒಂದು ಮರದ ಪೆಟ್ಟಿಗೆ, ಅದರ ತುಂಬ ದಪ್ಪ ಉಣ್ಣೆಬಟ್ಟೆಯ ಚಪ್ಪಲಿಗಳ ರಾಶಿ. ಐವರೂ ರೂಢಿಯಂತೆ ಶೂ ಬಿಚ್ಚಿ ಮೂಲೆಗಿಟ್ಟರು, ಹಯಗ್ರೀವರು ಎರಡು ಮೂಲೆಗೆ. ಶಿವಬಸವ್ವ ಆ ರಾಶಿಯನ್ನು ಬಗ್ಗಿ ನೋಡಿ ವಿಜಯಾ ಕಿವಿಯಲ್ಲಿ, ಅಜ್ಜಿ ಒಬ್ಬಳೇ ಅಂದಿದ್ದರಲ್ಲ, ಇಲ್ಲಿ ನೋಡಿದರೆ ಒಂದು ದಿಬ್ಬಣದ ಕಾಲುಗಳಿವೆ, ಕೂಡು ಕುಟುಂಬವನ್ನೇ ಮುಚ್ಚಿಟ್ಟಿದ್ದಾರೆ ಎಂದರು. ಹಳೇ ಮರದ ನೆಲ ಗೀಚದಿರಲೆಂದು ನೋಡಲು ಬಂದವರು ಶೂ ಮೇಲೇ ಅದನ್ನು ಹಾಕಿಕೊಳ್ಳುವುದು ಎಂದು ಝೊಂಬೊರ್ ವಿವರಿಸಿದ. ಶೂ ಮೇಲೆ ಚಪ್ಪಲಿ ಹಾಕುವ ಜನ. ಶಿವಬಸವ್ವ ಕುಂದಿನ ಲೆಕ್ಕಕ್ಕೆ ಒಂದು ಬೆರಳು ಮಡಚಿದರು.

ಅಜ್ಜಿಯ ಹೆಸರು ಇಲೋಂಕಾ. ಊರೆಲ್ಲ ಕರೆಯುವುದು ಇಲೋಂಕಾ ನೇನಿ ಎಂದು. ನೇನಿ ಎಂದರೆ ಅವರ ಆಂಟಿ. ಎತ್ತರದ, ಬೆನ್ನು ಬಾಗದ ಹೆಂಗಸು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಕೈಯಲ್ಲಿ ತಟ್ಟೆ, ಅದರಲ್ಲಿ ಬಿಸಿ ಬಿಸಿ ಉಪ್ಪಿನ ಬನ್ನು ಮತ್ತು ಬೆರಳುದ್ದದ ಲೋಟಗಳಲ್ಲಿ ಪಾಲಿಂಕಾ ಎಂಬ, ಮನೆಯಲ್ಲೇ ಇಳಿಸಿದ ಪ್ಲಮ್ ಹಣ್ಣಿನ ಹೆಂಡ. ಪಾಲಿಗೆ ಬಂದದ್ದು ಪಂಚಾಮೃತ ಎನ್ನುವವರು ಬೇರೆ. ಇವರು ಮೂವರೂ ಕೈ ಮುಗಿದು ತಲೆ ಅಲ್ಲಾಡಿಸಿದರು. ಆಕೆ ತಟ್ಟೆ ಇಟ್ಟು ನೀರು ತಂದಳು. ಅದಕ್ಕೂ ಕೈ ಮುಗಿದರು. ಮುದುಕಿಯ ಮುಖ ಬಾಗಿಲಿನಂತೆ ಮೆಲ್ಲಗೆ ಮುಚ್ಚಿಕೊಂಡಿತು. ಮೊಮ್ಮಗನ ಕಡೆ ತಿರುಗಿ ಒಂದೇ ಉಸಿರಿನಲ್ಲಿ ತುಂಬ ಹೊತ್ತು ಏನೋ ಹೇಳಿದಳು.

"ಅಜ್ಜಿಗೆ ತುಂಬ ಸಂತೋಷ ಆಗಿದೆ," ಎಂದು ಝೊಂಬೊರ್ ಇಂಗ್ಲಿಷಿನಲ್ಲಿ ತರ್ಜುಮೆ ಮಾಡಿದ.

ಅಷ್ಟುದ್ದದ ಮಾತಿಗೆ ಇಷ್ಟೇ ಅರ್ಥವೇ ಎಂದು ಹಯಗ್ರೀವರ ಹುಬ್ಬು ಮೇಲೇರಿತು. ಅಲ್ಲಿಂದ ಮುಂದೆ ಅದು ಇಳಿಯಲಿಲ್ಲ.

ಮನೆ ನೋಡುವುದು ಶುರುವಾಯಿತು. ದೊಡ್ಡ ಹಜಾರದಲ್ಲಿ ಜಿಂಕೆಯ ಕೊಂಬುಗಳು, ಮೀಸೆಯ ಜಹಗೀರುದಾರರ ಚಿತ್ರಗಳು. ಹಯಗ್ರೀವರು ಒಂದೊಂದು ಚಿತ್ರದ ಮೂಗನ್ನೂ ಝೊಂಬೊರನ ಮೂಗಿಗೆ ಹೋಲಿಸಿ ನೋಡಿದರು. ಒಂದೂ ತಾಳೆಯಾಗಲಿಲ್ಲ. ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದರು. ಒಂದು ಗಜ ದಪ್ಪದ ಗೋಡೆ, ಗೆಣ್ಣು ಊದಿತು. ಶಿವಬಸವ್ವ ಸಂಡಾಸಿನ ಫ್ಲಶ್ ಎರಡು ಸಲ ಎಳೆದು ನೋಡಿದರು, ನಲ್ಲಿ ತಿರುಗಿಸಿದರು, ಹಿತ್ತಲ ಬಾವಿಗೆ ಕಲ್ಲು ಹಾಕಿ ಸದ್ದು ಕೇಳಿದರು. ಮಲಗುವ ಕೋಣೆಯಲ್ಲಿ ಜಹಗೀರುದಾರನ ಮಂಚದ ಸುತ್ತ ಕೆಂಪು ಮಕಮಲ್ಲಿನ ಹಗ್ಗ ಕಟ್ಟಿತ್ತು. ಮಂಚಕ್ಕೆ ಹಗ್ಗ ಕಟ್ಟುವ ಮನೆಗೆ ಹೆಣ್ಣು ಹೇಗೆ ಕೊಡುವುದು ಎನ್ನುತ್ತಾ ಅದರಡಿ ನುಸುಳಿ, ಹಾಸಿಗೆಯನ್ನು ಎರಡೂ ಕೈಯಿಂದ ಅಮುಕಿ ಬಂದರು. ಇಲೋಂಕಾ ನೇನಿ ಇದನ್ನೆಲ್ಲ ತುಟಿ ಬಿಗಿದು ನೋಡುತ್ತಾ ಹಿಂದೆಯೇ ಬರುತ್ತಿದ್ದಳು. ನಡುನಡುವೆ ಮೊಮ್ಮಗನಿಗೆ ಉದ್ದುದ್ದ ಹೇಳುತ್ತಿದ್ದಳು. ಅವನು ಪ್ರತಿ ಸಲವೂ ಅಜ್ಜಿಗೆ ಸಂತೋಷವಾಗಿದೆ ಎನ್ನುತ್ತಿದ್ದ. ಅವನ ಹಣೆಯಲ್ಲಿ ಬೆವರು ಒಡೆದಿತ್ತು.

ಕೊನೆಗೆ ಅಡಿಗೆಮನೆ. ತಾಮ್ರದ ಪಾತ್ರೆಗಳ ಸಾಲು, ಹೆಂಚು ಅಂಟಿಸಿದ ಒಲೆ, ಕುಸುರಿ ಕೆತ್ತಿದ ಸೌಟುಗಳು. ಶಿವಬಸವ್ವ ಒಲೆಯೊಳಗೆ ಕೈ ಹಾಕಿದರು, ಬೂದಿಯಿಲ್ಲ. ಗೋಡೆ ಮೂಸಿದರು, ಜಿಡ್ಡಿಲ್ಲ.

"ಇದು ಅಡಗಿಮನಿ ಅಲ್ಲರಿ ಡಾಕ್ಟರ್ರ. ಅಡಗಿಮನಿ ಫೋಟೊ ಐತಿ. ಆ ಬಿಸಿ ಬನ್ನು ಎಲ್ಲೋ ಬೇರೆ ಕಡಿಯಿಂದ ಬಂದಾವ."

ಎಲ್ಲಿಂದ ಎಂಬುದು ಹಯಗ್ರೀವರಿಗೆ ಸ್ವಲ್ಪದರಲ್ಲೇ ಸಿಕ್ಕಿತು. ಉದ್ದದ ಮೊಗಸಾಲೆಯ ತುದಿಯಲ್ಲಿ ಒಂದು ಗಿಡ್ಡ ಹಸಿರು ಬಾಗಿಲು. ಬೀಗ ಹಾಕಿತ್ತು, ಆದರೆ ಸಂದಿಯಿಂದ ಬೆಂದ ಹಿಟ್ಟಿನ ವಾಸನೆ ಬರುತ್ತಿತ್ತು. ಇದನ್ನು ತೆಗೆಸಿ ಎಂದರು. ಝೊಂಬೊರ್ ಅಜ್ಜಿಯ ಮುಖ ನೋಡಿದ. ಅಜ್ಜಿ ಬೀಗದ ಕೈ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದು ಒಂದೇ ಮಾತು ಹೇಳಿದಳು.

"ನೆಮ್."

ಅವರ ಭಾಷೆಯಲ್ಲಿ ನೆಮ್ ಎಂದರೆ ಇಲ್ಲ. ಹಯಗ್ರೀವರ ನೆಮ್ಮದಿಯಲ್ಲಿ ಆ ನೆಮ್ ಒಂದೇ ಉಳಿಯಿತು. ಒಳಗೆ ಯಾರಿದ್ದಾರೆ? ಹುಡುಗನ ಮೊದಲ ಹೆಂಡತಿಯೇ? ಇಲ್ಲಾ ಈ ಮನೆಯ ನಿಜವಾದ ಯಜಮಾನನನ್ನೇ ಕೂಡಿ ಹಾಕಿದ್ದಾರೆಯೇ? ಅಪ್ಪ, ಅದು ಅಜ್ಜಿಯ ಪ್ರೈವೇಟ್ ಜಾಗ ಅಷ್ಟೇ ಎಂದಳು ಸುಪ್ರಜಾ. ಅಳಿಯನಾಗುವವನ ಮನೆಯಲ್ಲಿ ಪ್ರೈವೇಟ್ ಎಂದರೇನು ಎಂದು ಅಪ್ಪ ಕೇಳಿದರು. ಬಾಗಿಲು ತೆಗೆಯದಿದ್ದರೆ ಇವತ್ತೇ ಹಿಂದಿರುಗುವುದು, ಮದುವೆಯ ಮಾತು ಇಲ್ಲಿಗೇ ಮುಗಿಯಿತು ಎಂದರು. ಸುಪ್ರಜಾಳ ಕಣ್ಣು ತುಂಬಿದ್ದನ್ನು ಇಲೋಂಕಾ ನೇನಿ ನೋಡಿದಳು. ಭಾಷೆ ತಿಳಿಯದಿದ್ದರೂ ಅದು ತಿಳಿಯಿತೇನೋ, ಮೊಮ್ಮಗನಿಗೆ ಏನೋ ಹೇಳಿ ಇಬ್ಬರನ್ನೂ ಕಾರಿನಲ್ಲಿ ಪಕ್ಕದ ಊರಿಗೆ ಓಡಿಸಿದಳು. ತನ್ನ ಕೈಯದು ತಿನ್ನದವರು ಬೇಕರಿಯದನ್ನಾದರೂ ತಿನ್ನಲಿ, ಹೋಗಿ ತಾ ಎಂದಳಂತೆ. ಕಾರು ಧೂಳೆಬ್ಬಿಸಿ ಹೋದ ಮೇಲೆ ಶಿವಬಸವ್ವನಿಗೆ ತಮ್ಮ ಚೀಲ ಕಾರಿನ ಡಿಕ್ಕಿಯಲ್ಲಿರುವುದು ನೆನಪಾಯಿತು.

ಬಿಸಿಲು ಏರಿತು. ವಿಜಯಾ ಮತ್ತು ಶಿವಬಸವ್ವ ಅಂಗಳದ ಮರದಡಿ ಕೂತರು. ಹಯಗ್ರೀವರು ಕೂರಲಿಲ್ಲ. ಮೊಗಸಾಲೆಗೆ ವಾಪಸು ಹೋಗಿ ಆ ಹಸಿರು ಬಾಗಿಲಿಗೆ ಕಿವಿ ಹಚ್ಚಿದರು. ಒಳಗೆ ಯಾರೋ ಪಿಸುಗುಟ್ಟಿದಂತಾಯಿತು. ಇನ್ನಷ್ಟು ಒತ್ತಿದರು. ಕೈ ನಡುಗಿತು, ತುಟಿ ಜುಮ್ಮೆಂದಿತು, ಮೈಯೆಲ್ಲ ತಣ್ಣನೆ ಬೆವರಿತು. ಇವು ಯಾವುದರ ಲಕ್ಷಣ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಯಾರದೆಂದು ಮಾತ್ರ ತಕ್ಷಣ ಹೊಳೆಯಲಿಲ್ಲ. ಎಷ್ಟೋ ಜನರಿಗೆ ಅರಿವಳಿಕೆ ಕೊಡುತ್ತಾ ಹತ್ತರಿಂದ ಹಿಂದಕ್ಕೆ ಎಣಿಸಲು ಹೇಳಿದ್ದವರು ತಾವು ಒಂದನ್ನೂ ಎಣಿಸದೆ ಬಾಗಿಲಿಗೆ ಒರಗಿ ಜಾರಿದರು.

ಸದ್ದಿಗೆ ಮೊದಲು ಓಡಿ ಬಂದವಳು ಇಲೋಂಕಾ ನೇನಿ. ಹಿಂದೆ ವಿಜಯಾ. ಗಂಡನ ಕೈ ಮುಟ್ಟಿದೊಡನೆ ಅವರಿಗೆ ತಿಳಿಯಿತು. ಸಕ್ಕರೆ ಇಳಿದಿದೆ, ಗುಳಿಗೆ ಇರುವ ಚೀಲ ಕಾರಿನಲ್ಲಿದೆ. ಬಾಯಿ ತೋರಿಸಿ, ಚಮಚದಲ್ಲಿ ಕಲಕುವಂತೆ ಕೈ ಆಡಿಸಿದರು. ಮುದುಕಿ ಸೊಂಟದ ಗೊಂಚಲು ತೆಗೆದು ಹಸಿರು ಬಾಗಿಲನ್ನು ಒಂದೇ ತಿರುವಿಗೆ ತೆರೆದಳು. ಇಬ್ಬರೂ ಹಯಗ್ರೀವರನ್ನು ಎಳೆದುಕೊಂಡು ಒಳಗೆ ಹೋದರು. ಅವರು ಇನ್ನೂ ನುಂಗುವ ಸ್ಥಿತಿಯಲ್ಲಿದ್ದಾರೆಂದು ವಿಜಯಾ ಖಾತ್ರಿ ಮಾಡಿಕೊಂಡ ಮೇಲೆ ಮುದುಕಿ ತಲೆಯನ್ನು ತೋಳಿನಲ್ಲಿ ಆನಿಸಿಕೊಂಡು ಏನನ್ನೋ ಚಮಚ ಚಮಚವಾಗಿ ಕುಡಿಸಿದಳು.

ಹಯಗ್ರೀವರು ಕಣ್ಣು ಬಿಟ್ಟಾಗ ಎದುರಿಗೆ ಒಂದು ಅಡಿಗೆಮನೆ ಇತ್ತು. ಫೋಟೊ ಅಲ್ಲ, ಅಡಿಗೆಮನೆ. ಚಕ್ಕೆ ಎದ್ದ ಬಿಳಿ ಪಾತ್ರೆಗಳು, ಹೂವಿನ ಪ್ಲಾಸ್ಟಿಕ್ ಹಾಸಿದ ಮೇಜು, ಒಲೆಯ ಮೇಲೆ ಒಣಗಲು ಹಾಕಿದ ಕಾಲುಚೀಲ, ಪಿಸುಗುಟ್ಟುವ ಒಂದು ಹಳೇ ರೇಡಿಯೊ. ಮೂಲೆಯಲ್ಲಿ ಒಂಟಿ ಮಂಚ. ಗೋಡೆಯ ತುಂಬ ಒಬ್ಬನೇ ಹುಡುಗನ ಫೋಟೊಗಳು, ಮುಂಬಲ್ಲು ಬಿದ್ದದ್ದರಿಂದ ಹಿಡಿದು ಆಸ್ಟಿನ್ನಿನಲ್ಲಿ ಕೋಟು ತೊಟ್ಟದ್ದರವರೆಗೆ. ಮತ್ತು ಬಾಯಲ್ಲಿ ಏನೋ ಸಿಹಿ. ಕೆಂಪು ಹಣ್ಣಿನ ಶರಬತ್ತು.

ಹೊಸ್ತಿಲ ಮೇಲೆ ನಿಂತಿದ್ದ ಶಿವಬಸವ್ವ ತೀರ್ಪು ಕೊಟ್ಟರು. "ಬಾಯಿ ಸಿಹಿ ಆತು. ಮುಗೀತಿನ್ನ."

"ಏನು ಮುಗೀತು?" ಹಯಗ್ರೀವರು ಎದ್ದು ಕೂತರು. "ನಂಗೆ ಪ್ರಜ್ಞೆ ಇರಲಿಲ್ಲ. ಪ್ರಜ್ಞೆ ಇಲ್ಲದ ಪೇಷಂಟಿನ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಸಹಿ ಹಾಕಿಸ್ಕೊಳ್ಳದೆ ನಾನು ಒಬ್ಬರಿಗೂ ಸೂಜಿ ಚುಚ್ಚಿದವನಲ್ಲ."

"ಎಮರ್ಜೆನ್ಸಿಲಿ ಹತ್ತಿರದ ಬಂಧುಗಳು ಒಪ್ಪಿದ್ರೆ ಸಾಕು ರೀ," ಎಂದರು ವಿಜಯಾ. "ನಾನು ಒಪ್ಪಿದೆ. ಇನ್ನೂ ಎರಡು ಚಮಚ ಕುಡೀರಿ."

ಅಷ್ಟರಲ್ಲಿ ಕಾರು ಬಂತು. ಬೇಕರಿಯ ಪೊಟ್ಟಣ ಹಿಡಿದು ಒಳಗೆ ಬಂದ ಸುಪ್ರಜಾ ನೆಲದ ಮೇಲೆ ಕೂತಿದ್ದ ಅಪ್ಪನನ್ನು ನೋಡಿ ಪೊಟ್ಟಣವನ್ನು ಬಿಟ್ಟೇಬಿ‌ಟ್ಟಳು. ಇಲೋಂಕಾ ನೇನಿ ಮೊಮ್ಮಗನನ್ನು ಎದುರಿಗೆ ನಿಲ್ಲಿಸಿಕೊಂಡು ಮಾತಾಡತೊಡಗಿದಳು. ಮಾತು ನಿಲ್ಲಿಸಿದಾಗ ಅವನ ಮುಖ ಗೋಡೆಯ ಮುಂಬಲ್ಲಿಲ್ಲದ ಫೋಟೊದಂತೆ ಆಗಿತ್ತು.

"ಅಜ್ಜಿಗೆ..." ಎಂದು ಶುರು ಮಾಡಿದ.

"ಪೂರ್ತಿ ಹೇಳು," ಎಂದಳು ಸುಪ್ರಜಾ.

ಪೂರ್ತಿ ಹೇಳಿದ. ಈ ಬಂಗಲೆ ಊರ ಪಂಚಾಯ್ತಿಯದು. ಹಿಂದೆ ಇದರಲ್ಲಿ ಶಾಲೆ ಇತ್ತು, ಅಜ್ಜಿ ಅಲ್ಲಿ ಟೀಚರು. ಶಾಲೆ ಮುಚ್ಚಿದ ಮೇಲೆ ಬೀಗದ ಕೈ ನೋಡಿಕೊಳ್ಳಲೆಂದು ಪಂಚಾಯ್ತಿ ಅಜ್ಜಿಗೆ ಈ ಎರಡು ಕೋಣೆ ಬಿಟ್ಟುಕೊಟ್ಟಿತು. ಅವನು ಬೆಳೆದದ್ದು ಈ ಮಂಚದ ಪಕ್ಕ. ಈಗ ಬಂಗಲೆಯನ್ನು ಹೋಟೆಲಿಗೆ ಮಾರುವ ಮಾತು ನಡೆದಿದೆ. ಪಟ್ಟಣದಿಂದ ಆಗಾಗ ಜನ ಬರುತ್ತಾರೆ, ಗೋಡೆ ಬಡಿಯುತ್ತಾರೆ, ಫ್ಲಶ್ ಎಳೆಯುತ್ತಾರೆ, ಬಾವಿ ಬಗ್ಗಿ ನೋಡುತ್ತಾರೆ. ಅವರೂ ಏನೂ ತಿನ್ನುವುದಿಲ್ಲ. ಇವರು ಮೂವರೂ ಕೊಳ್ಳಲು ಬಂದವರೆಂದೇ ಅಜ್ಜಿ ತಿಳಿದಿದ್ದಳು. ಬೆಳಿಗ್ಗೆಯಿಂದ ಅವಳು ಕೇಳುತ್ತಿದ್ದದ್ದು ಒಂದೇ: ನನ್ನನ್ನು ಯಾವತ್ತು ಖಾಲಿ ಮಾಡಿಸುತ್ತಾರಂತೆ, ಕೇಳು.

"ನಾವು ಯಾರು ಅಂತ ನೀನು ಹೇಳೇ ಇರಲಿಲ್ವಾ?" ಹಯಗ್ರೀವರು ಕೇಳಿದರು.

ಸುಪ್ರಜಾಳ ಅಪ್ಪ ಅಮ್ಮ ಊರು ನೋಡಲು ಬರುತ್ತಾರೆ, ಇವತ್ತಲ್ಲ, ನಾಳೆ ಎಂದು ಹೇಳಿದ್ದನಂತೆ. ಇವತ್ತು ಬರುವವರು ಪ್ರವಾಸಿಗರು ಎಂದಿದ್ದನಂತೆ. ರಜೆಯ ದಿನ ಬಂದ ಪ್ರವಾಸಿಗರನ್ನು ಅಜ್ಜಿ ನಂಬಿರಲಿಲ್ಲ. ಹೆಣ್ಣು ಕೊಡುವವರು ನಿನ್ನ ಮನೆ ಪಾಸಾಗುತ್ತದೋ ಇಲ್ಲವೋ ನೋಡಲು ಬರುತ್ತಾರೆ ಎಂದರೆ ಅಜ್ಜಿ ನೊಂದುಕೊಳ್ಳುತ್ತಾಳೆ. ಅಜ್ಜಿಗೆ ಇರುವುದು ಎರಡೇ ಕೋಣೆ ಎಂದರೆ ನೀವು ಬರುವುದೇ ಇಲ್ಲ. ಇವತ್ತು ದೊಡ್ಡ ಮನೆ ನೋಡಿಬಿಟ್ಟರೆ, ನಾಳೆ ಹೇಗಾದರೂ ಆದೀತು ಎಂದುಕೊಂಡೆ, ಅಂಕಲ್.

ಹಯಗ್ರೀವರಿಗೆ ಒಂದು ಕ್ಷಣ ಬಹಳ ಖುಷಿಯಾಯಿತು. ಅನುಮಾನ ನಿಜವಾದಾಗ ಆಗುವಂಥ ಖುಷಿ. "ನೋಡಿದ್ಯಾ ವಿಜಯಾ? ಎರಡೂ ಕಡೆ ಸುಳ್ಳು. ಮನೆ ವಿಷಯದಲ್ಲೇ ಸುಳ್ಳು ಹೇಳಿದವನು..."

"ನಮ್ಮಪ್ಪ ಒಂಟಿಕೊಪ್ಪಲಿಗೆ ನಿಮ್ಮ ಮನೆ ನೋಡೋಕೆ ಬಂದಾಗ ಹಜಾರದಲ್ಲಿ ಒಂದು ಫ್ರಿಜ್ ಇತ್ತು," ಎಂದರು ವಿಜಯಾ. "ಮದುವೆ ಆದ ಮಾರನೇ ದಿನ ಪಕ್ಕದ ಮನೆಯೋರು ಬಂದು ಎತ್ಕೊಂಡು ಹೋದ್ರು. ಒಳಗಿದ್ದ ಹಾಲಿನ ಸಮೇತ. ನಾನು ಇಷ್ಟು ವರ್ಷದಲ್ಲಿ ಏನಾದ್ರೂ ಕೇಳಿದ್ನಾ?"

ಹಯಗ್ರೀವರು ಮೇಜು ನೋಡಿದರು, ಒಂಟಿ ಮಂಚ ನೋಡಿದರು, ತಮಗೆ ಆಧಾರವಾಗಿಟ್ಟಿದ್ದ ದಿಂಬು ನೋಡಿದರು. ಅದಕ್ಕೆ ಆ ಮನೆಯಲ್ಲಿ ಇಸ್ತ್ರಿ ಮಾಡಿದ್ದ ಒಂದೇ ಗೌಸನ್ನು ಹಾಕಿತ್ತು. ಕೊನೆಗೆ ಖಾಲಿ ಲೋಟವನ್ನು ಮುದುಕಿಯ ಮುಂದೆ ಹಿಡಿದರು.

"ಪೂರ್ತಿ ಎಚ್ಚರ ಇದೆ," ಎಂದರು ಮಗಳ ಕಡೆ ನೋಡದೆ. "ಇನ್ನೊಂದು ಲೋಟ ಕೊಡಿ ಅಂತ ಹೇಳು ಇವರಿಗೆ."

ಮಧುಮೇಹದ ವಿಷಯ ಎತ್ತಲು ಬಾಯಿ ತೆರೆದ ವಿಜಯಾ ಹಾಗೇ ಮುಚ್ಚಿಕೊಂಡರು. ಸುಪ್ರಜಾ ಅತ್ತಳು. ಶಿವಬಸವ್ವ ಮಡಚಿದ್ದ ಬೆರಳನ್ನು ಬಿಚ್ಚಿದರು. ಇಲೋಂಕಾ ನೇನಿ ಮಾತ್ರ ನಗಲಿಲ್ಲ. ಹಯಗ್ರೀವರು ಕುಡಿದು ಮುಗಿಸುವವರೆಗೆ ಕಾದಳು. ಆಮೇಲೆ ಮೊಮ್ಮಗನಿಂದ ಮನೆ ನೋಡುವ ಕಟ್ಟಳೆಗಳನ್ನೆಲ್ಲ ಮತ್ತೆ ಮತ್ತೆ ಕೇಳಿ ತಿಳಿದುಕೊಂಡಳು. ಹನಿ ನೀರಿನದು, ಸಿಹಿಯದು, ಅಡಿಗೆಮನೆಯದು. ಪದ್ಧತಿ ಚೆನ್ನಾಗಿದೆ ಎಂದಳು. ನಿಮ್ಮ ಒಪ್ಪಿಗೆ ಆಯಿತು, ನನ್ನದು ಆಗಿಲ್ಲ. ನನ್ನ ಹುಡುಗ ಹೋಗಿ ಬೀಳುವ ಮನೆ ಎಂಥದೋ ನಾನೂ ಬಂದು ನೋಡುತ್ತೇನೆ.

ಅಕ್ಟೋಬರಿನಲ್ಲಿ ಬಂದೇಬಿಟ್ಟಳು. ಪೇರ್ಲ್ಯಾಂಡಿನಲ್ಲಿ ಆಗಲೂ ಉಸಿರು ಬೇಯುವ ಸೆಖೆ. ಗ್ಯಾರೇಜಿನಿಂದ ಒಳಗೆ ಕರೆದರೆ ಬರಲಿಲ್ಲ. ಅತಿಥಿಯನ್ನು ಲಾಯದ ಬಾಗಿಲಿನಿಂದ ಕರೆಯುತ್ತಾರೆಯೇ ಎಂದು ಕೇಳಿ, ಪಾರ್ಸೆಲ್ ಡಬ್ಬಿಗಳ ಹೊರತು ಯಾರೂ ಬಳಸದ ಮುಂಬಾಗಿಲನ್ನು ತೆಗೆಸಿದಳು. ತನ್ನದೇ ಉಣ್ಣೆಬಟ್ಟೆಯ ಚಪ್ಪಲಿ ತಂದಿದ್ದಳು. ಶೂ ಮೇಲೇ ಹಾಕಿಕೊಂಡಳು. ಕೈಯಲ್ಲಿ ತನ್ನ ಬನ್ನಿನ ಡಬ್ಬಿ, ತನ್ನ ನೀರಿನ ಬಾಟಲಿ. ಇದನ್ನು ನೋಡಲೆಂದೇ ಮರ್ಫಿಯಿಂದ ಬಂದಿದ್ದ ಶಿವಬಸವ್ವ, ಈಕೆ ನಮ್ಮ ಕಡೆಯವಳೇ ಎಂದು ಸರ್ಟಿಫಿಕೇಟು ಕೊಟ್ಟರು.

ಮೇಜಿನ ಮೇಲೆ ವಿಜಯಾ ಮಾಡಿದ ಹಯಗ್ರೀವ ಬೆಳ್ಳಿ ಬಟ್ಟಲಿನಲ್ಲಿ ಕಾದಿತ್ತು. ಕಡಲೆಬೇಳೆ, ಬೆಲ್ಲ, ತುಪ್ಪ, ಕೊಬ್ಬರಿ. ಹಯಗ್ರೀವರ ಮನೆಯಲ್ಲಿ ಬೇರೆ ಸಿಹಿ ಮಾಡಿದರೆ ಏನರ್ಥ. ಮುದುಕಿ ಅದರ ಮೇಲೆ ತಟ್ಟೆ ಮುಚ್ಚಿ ಮುಂದೆ ಹೋದಳು. ಗೋಡೆ ಬಡಿದಳು. ಡಬ್ ಎಂದಿತು. ಇನ್ನೊಂದು ಗೋಡೆ ಬಡಿದಳು. ಅದೂ ಡಬ್. ಒಳಗೆ ಏನೂ ಇಲ್ಲದ ಸದ್ದು. ಮೊಮ್ಮಗನಿಗೆ ಏನೋ ಹೇಳಿದಳು.

"ಇದು ರಟ್ಟಿನ ಮನೆಯಾ, ನಿಜವಾದ ಮನೆ ಎಲ್ಲಿದೆ ಅಂತ ಕೇಳ್ತಿದ್ದಾರೆ ಅಂಕಲ್," ಎಂದ ಝೊಂಬೊರ್. ಈಗ ಅವನು ಒಂದಕ್ಷರವೂ ಬಿಡದೆ ಹೇಳುತ್ತಿದ್ದ. ಅದೂ ಕಷ್ಟವೇ ಆಗಿತ್ತು.

ಟೆಕ್ಸಸ್ಸಿನಲ್ಲಿ ಎಲ್ಲರ ಮನೆಯ ಒಳಗೋಡೆಯೂ ಹೀಗೇ ಎಂದು ಹಯಗ್ರೀವರು ಬೆವರುತ್ತಾ ವಿವರಿಸಿದರು. ಆಕೆ ನಂಬಿದಂತೆ ಕಾಣಲಿಲ್ಲ. ಅಡಿಗೆಮನೆಯಲ್ಲಿ ಒಲೆಯ ಹಿಂದಿನ ಜಿಡ್ಡನ್ನು ಬೆರಳಿನಿಂದ ಮುಟ್ಟಿ ತಲೆದೂಗಿದಳು. ಆ ತಲೆದೂಗು ಯಾವ ಕಡೆಯದೆಂದು ತಿಳಿಯಲಿಲ್ಲ. ಮಹಡಿ ಹತ್ತಿದಳು. ಸುಪ್ರಜಾ ಉಗುರು ಕಚ್ಚುತ್ತಾ ಹಿಂದೆ ಹೋದಳು. ಒಂದು ಕೋಣೆ, ಎರಡನೆಯ ಕೋಣೆ, ಮೂರನೆಯ ಬಾಗಿಲು. ಆ ಬಾಗಿಲ ಮುಂದೆ ಹಯಗ್ರೀವರು ಅಡ್ಡ ನಿಂತಿದ್ದರು.

ಅಲ್ಲಿ ಏನೂ ಇಲ್ಲ ಎಂದರು. ಸ್ಟೋರೇಜ್ ಎಂದರು. ಬೀಗದ ಕೈ ಎಲ್ಲೋ ಇಟ್ಟಿದ್ದೇನೆ ಎಂದರು. ಯಾರಾದರೂ ಬರುತ್ತಾರೆಂದರೆ ಮನೆಯಲ್ಲಿ ಕಣ್ಣಿಗೆ ಕಂಡದ್ದನ್ನೆಲ್ಲ ಎತ್ತಿ ಒಂದು ಕೋಣೆಗೆ ಎಸೆದು ಬಾಗಿಲು ಹಾಕಿಕೊಳ್ಳದ ಕನ್ನಡಿಗರ ಮನೆ ಟೆಕ್ಸಸ್ಸಿನಲ್ಲಿ ಇರಲಾರದು. ನಿನ್ನೆ ಇಡೀ ದಿನ ಗಂಡ ಹೆಂಡತಿ ಮಾಡಿದ್ದು ಅದನ್ನೇ. ಮುದುಕಿ ಕೈಕಟ್ಟಿ ನಿಂತಳು.

"ಇವತ್ತು ಸೋಮವಾರ ಅಲ್ಲವಲ್ಲ ಅಂತ ಕೇಳ್ತಿದ್ದಾರೆ," ಎಂದ ಝೊಂಬೊರ್.

ಹಯಗ್ರೀವರು ಮಗಳನ್ನು ನೋಡಿದರು. ಅವರು ಜೇಬಿನಿಂದ ಬೀಗದ ಕೈ ತೆಗೆದು ಬಾಗಿಲು ತೆರೆದರು. ಒಳಗಿನಿಂದ ಟಿಶ್ಯೂ ಸುರುಳಿಗಳ ಗೋಪುರವೊಂದು ಉರುಳಿ ಆಕೆಯ ಕಾಲಿಗೆ ಬಂದು ನಿಂತಿತು. ಹಿಂದೆ ಸೂಟ್‌ಕೇಸುಗಳ ಗುಡ್ಡ, ಪಂಚೆ ಒಣಗಹಾಕಿದ ಟ್ರೆಡ್‌ಮಿಲ್ಲು, ಅಕ್ಕಿ ಮೂಟೆ, ನವರಾತ್ರಿಯ ಗೊಂಬೆ ಮೆಟ್ಟಿಲು, ದೇವಸ್ಥಾನದಲ್ಲಿ ಜೋಡಿ ತಪ್ಪಿದ ಒಂಟಿ ಚಪ್ಪಲಿಗಳು, ಸುಪ್ರಜಾ ಶಾಲೆಗೆ ಮಾಡಿದ್ದ ಮಣ್ಣಿನ ಜ್ವಾಲಾಮುಖಿ. ಮೂಲೆಯಲ್ಲಿ ಕೆಟ್ಟು ನಿಂತ ಒಂದು ಫ್ರಿಜ್ಜು.

"ಇದು ಮಾತ್ರ ನಮ್ಮದೇ ಅಂತ ಹೇಳಪ್ಪ," ಎಂದರು ವಿಜಯಾ.

ಇಲೋಂಕಾ ನೇನಿ ಒಳಗೆ ಕಾಲಿಟ್ಟಳು. ಒಂದೊಂದನ್ನೇ ಮುಟ್ಟಿ ನೋಡಿದಳು. ಜ್ವಾಲಾಮುಖಿಯನ್ನು ಎತ್ತಿಕೊಂಡು, ಬಣ್ಣದಲ್ಲಿ ಅಂಕುಡೊಂಕಾಗಿ ಬರೆದ ಸುಪ್ರಜಾಳ ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಅಕ್ಕಿ ಮೂಟೆಯ ಮೇಲೆ ಕೂತು ತುಂಬ ಹೊತ್ತು, ಒಂದೇ ಉಸಿರಿನಲ್ಲಿ, ಏನೋ ಹೇಳಿದಳು.

"ಚಮಚ ಕೇಳ್ತಿದ್ದಾರೆ," ಎಂದ ಝೊಂಬೊರ್.

"ಪೂರ್ತಿ ಹೇಳು," ಎಂದರು ಹಯಗ್ರೀವರು.

"ಪೂರ್ತೀನೇ ಅಂಕಲ್. ಚಮಚ."

ಅಷ್ಟುದ್ದದ ಮಾತಿಗೆ ಒಂದು ಚಮಚ. ಹಯಗ್ರೀವರು ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಅನುಮಾನ ಹೋಗಲಿಲ್ಲ. ಹಾಗೆಯೇ ಮೆಟ್ಟಿಲಿಳಿದು ಹೋಗಿ, ಬೆಳ್ಳಿ ಬಟ್ಟಲಿನ ಜೊತೆ ಎರಡು ಚಮಚ ತಂದರು.